ಪದಚರ್ಚೆ: ಟೋಪಿಯೂ ಆಗಬೇಕು, ಪೊಲೀಸರಿಗೆ ಸುದ್ದಿ ಕೊಡುವವನೂ ಆಗಬೇಕು

ಶನಿವಾರ ನಮ್ಮ ಫಿಲ್ಮ್ ಕ್ಲಬ್ಬಿನಲ್ಲಿ ನಿರ್ದೇಶಕ ಮೆಲ್‌ವಿಲ್‌ನ 1962ರ ಫ್ರೆಂಚ್ ಚಿತ್ರ ‘ಲ ದುಲೋಸ್’ ಇದೆ. ಕನ್ನಡ ಸಬ್‌ಟೈಟಲ್ ನನ್ನ ತಲೆಗೆ ಬಿದ್ದಿದೆ. ಹೆಸರಿನ ಅರ್ಥ ಹೇಳುವ ಮೊದಲ ಕಾರ್ಡಿನಲ್ಲೇ ಸಿಕ್ಕಿಬಿದ್ದೆ. ದುಲೋಸ್ ಅಂದರೆ ಬೀದಿಮಾತಿನಲ್ಲಿ ಟೋಪಿ. ಕಳ್ಳರ, ಪೊಲೀಸರ ಒಳಮಾತಿನಲ್ಲಿ ಆ ಟೋಪಿ ತೊಟ್ಟವನು, ಅಂದರೆ ಪೊಲೀಸರಿಗೆ ಸುದ್ದಿ ಮುಟ್ಟಿಸುವವನು. ‘ಮಾಹಿತಿದಾರ’ ಹಾಕಿದರೆ ಪೇಪರ್ ಓದಿದ ಹಾಗಿರುತ್ತದೆ. ಪೋಸ್ಟರ್ ನಾಳೆ ಪ್ರಿಂಟಿಗೆ ಹೋಗಬೇಕು. ಬೇಗ ಹೇಳಿ.

ಉತ್ತರ:
ಬಾತ್ಮೀದಾರ. ಮುಗಿಯಿತು.

ಉತ್ತರ:
ಏನು ಮುಗಿಯಿತು? ಬಾತ್ಮಿ ಮರಾಠಿ, ದಾರ ಪಾರ್ಸಿ. ನಮ್ಮದೇ ‘ಬೇಹು’ ಇದೆ, ತಮಿಳಿನ ‘ವೇವು’ ಇದರ ಒಡಹುಟ್ಟು. ‘ಬೇಹಿನವನು’ ಅನ್ನಿ. ಬೇಹುಗಾರ ಬೇಡ, ಆ ‘ಗಾರ’ ಸಂಸ್ಕೃತದ ‘ಕಾರ’.

ಉತ್ತರ:
ಬೇಹಿನವನು ಹೊರಗಿನಿಂದ ಬಂದು ಒಳಗೆ ಸೇರುವವನು. ಇವನು ಒಳಗಿನವನೇ. ಜೊತೆಯಲ್ಲಿ ಉಂಡು ಎರಡು ಬಗೆಯುವವನು. ಮಾಫಿ ಸಾಕ್ಷಿಯೂ ಅಲ್ಲ, ಅವನು ಕೋರ್ಟಿನಲ್ಲಿ ಎಲ್ಲರೆದುರೇ ಬಾಯಿ ಬಿಡುತ್ತಾನೆ. ಅಲ್ಲ, ಟೋಪಿ ಕಣ್ಣೆದುರೇ ಇರುವಾಗ ಯಾಕೆ ಒದ್ದಾಡುತ್ತೀರಿ? ‘ಟೋಪಿ ಹಾಕಿದವನು’ ಅನ್ನಿ. ಕನ್ನಡಕ ಹಾಕಿದವನು ಅನ್ನಲ್ವಾ, ಹಾಗೆ ತೊಟ್ಟವನೂ ಆಯಿತು, ಮೋಸ ಮಾಡಿದವನೂ ಆಯಿತು. ‘ಹಾಕಿಕೊಂಡವನು’ ಅಂದಿರೋ, ಸಪ್ಪೆ. ಬರೀ ಟೋಪಿ ಉಳಿಯುತ್ತದೆ.

ಉತ್ತರ:
ಟೋಪಿ ಕನ್ನಡವಲ್ಲ. ಕುಲಾವಿ.

ಉತ್ತರ:
ಕುಲಾವಿ ಪಾರ್ಸಿಯ ‘ಕುಲಾಹ್’. ಮೇಷ್ಟ್ರೇ, ನಿಮಗೇ ಯಾರೋ ಟೋಪಿ ಹಾಕಿದ್ದಾರೆ.

ಉತ್ತರ:
ಹಳೆ ಸಾಲ ಅದು, ಯಾವತ್ತೋ ತೀರಿದೆ. ನೀವು ದಿನಾ ಹೊಸದಾಗಿ ಕಡ ತರುತ್ತೀರಲ್ಲ, ನನ್ನ ತಕರಾರು ಅದಕ್ಕೆ.

ಉತ್ತರ:
‘ತಕರಾರು’ ಯಾವ ಊರಿನದು?

ಕೇಳಿದವರು:
ಸ್ವಾಮಿ, ಜಗಳ ಆಮೇಲೆ. ನನಗೆ ಒಂದೇ ಅಳುಕಿತ್ತು. ಜೈಲಿಂದ ಬಂದ ಗೆಳೆಯನ ವಿಷಯವನ್ನು ಸಿಲಿಯನ್, ಅಂದರೆ ನಟ ಬೆಲ್ಮಾಂಡೊನ ಪಾತ್ರ, ಪೊಲೀಸರಿಗೆ ಮುಟ್ಟಿಸಿದನಾ ಇಲ್ಲವಾ ಅನ್ನುವುದರ ಮೇಲೇ ಚಿತ್ರ ನಿಂತಿದೆ. ಅದಕ್ಕೇ ‘ದ್ರೋಹಿ’ಯನ್ನು ಆಗಲೇ ಬಿಟ್ಟಿದ್ದೆ, ಹೆಸರೇ ತೀರ್ಪು ಕೊಟ್ಟುಬಿಡುತ್ತದೆ. ‘ಟೋಪಿ ಹಾಕಿದವನು’ ಅಂದರೆ ಯಾರಿಗೆ ಹಾಕಿದ ಅಂತ ಗೊತ್ತಾಗುವುದಿಲ್ಲ. ಗೆಳೆಯನಿಗೋ, ಪೊಲೀಸರಿಗೋ, ಕುರ್ಚಿಯಲ್ಲಿ ಕೂತ ನಮಗೋ. ಪೋಸ್ಟರಿಗೆ ಅದನ್ನೇ ಕಳಿಸಿದೆ. ಒಳಗಿನ ಸಂಭಾಷಣೆಗೆ ಬಾತ್ಮೀದಾರ ಇಟ್ಟಿದ್ದೇನೆ, ಬೇಹಿನವರು ಕ್ಷಮಿಸಬೇಕು.

ಉತ್ತರ:
ಕ್ಷಮಿಸುವುದಿಲ್ಲ. ಶನಿವಾರ ಎಷ್ಟು ಗಂಟೆಗೆ?