ಗಣಿತದಲ್ಲಿ 82 ಅಂಕ, ಸ್ಕೇಲ್ ಹಿಡಿದರೆ ಹತ್ತು ಮಿಲಿಮೀಟರ್ ತಪ್ಪು

ಪ್ರಶ್ನೆ: ಭೋಸರಿಯ ಲೇಥಿನವ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನನ್ನದು ಎರಡು ಲೇಥ್, ಒಂದು ಡ್ರಿಲ್ಲಿಂಗ್ ಯಂತ್ರದ ಸಣ್ಣ ಶೆಡ್. ಊರು ಇಂಡಿ ಕಡೆಯದು. ಅಲ್ಲಿಂದ ಯಾವ ಹುಡುಗ ಕೆಲಸ ಹುಡುಕಿ ಬಂದರೂ ಮೊದಲು ನನ್ನ ಬಾಗಿಲಿಗೇ ಬರುತ್ತಾನೆ. ಕಳೆದ ತಿಂಗಳು ಬಂದವನಿಗೆ ಹತ್ತನೆಯ ತರಗತಿಯ ಗಣಿತದಲ್ಲಿ 82 ಅಂಕ. ವೃತ್ತದ ಕ್ಷೇತ್ರಫಲ ಕೇಳಿದರೆ ಸೂತ್ರ ನಾಲಿಗೆಯ ತುದಿಯಲ್ಲೇ ಇತ್ತು.

ನಮ್ಮ ಸ್ಟೀಲ್ ಸ್ಕೇಲಿನ ತುದಿ ಸವೆದಿದೆ. ಹಾಗಾಗಿ ಸೊನ್ನೆ ಬಿಟ್ಟು 10 ಮಿಲಿಮೀಟರಿನ ಗೆರೆಯಿಂದ ಅಳೆಯುವುದು ರೂಢಿ. ಬೇಕಿದ್ದದ್ದು 120 ಮಿಲಿಮೀಟರಿನ ತುಂಡು. ಅವನೂ ಹತ್ತರಿಂದಲೇ ಹಿಡಿದ. 120 ಬಂದ ಕೂಡಲೇ ಗುರುತು ಹಾಕಿಬಿಟ್ಟ; 130ರವರೆಗೆ ಹೋಗಬೇಕು ಎಂಬುದು ಹೊಳೆಯಲಿಲ್ಲ. ಹದಿನಾಲ್ಕು ತುಂಡು, ಎಲ್ಲವೂ 110. ಉದ್ದ ಹೆಚ್ಚಾಗಿದ್ದರೆ ಕತ್ತರಿಸಬಹುದು, ಗಿಡ್ಡವಾದದ್ದನ್ನು ಎಳೆಯಲಾಗುತ್ತದೆಯೇ? ಅಷ್ಟೂ ಭಂಗಾರಕ್ಕೆ ಹೋಯಿತು. (ಇಲ್ಲಿ ಗುಜರಿಗೆ ಭಂಗಾರ ಎನ್ನುತ್ತಾರೆ. ಫೋನಿನಲ್ಲಿ ಹೇಳಿದಾಗ ಅವ್ವ ಹಿಗ್ಗಿದಳು.)

ಬೈದೆ, ಆಮೇಲೆ ಬೇಸರವೂ ಆಯಿತು. 130ರಲ್ಲಿ 10 ಕಳೆದರೆ ಎಷ್ಟೆಂದು ನಿದ್ದೆಯಲ್ಲಿ ಕೇಳಿದರೂ ಹೇಳುವ ಹುಡುಗ. ಕೈಗೆ ಸ್ಕೇಲ್ ಬಂದಾಗ ಆ ಲೆಕ್ಕ ಎಲ್ಲಿ ಹೋಗಿತ್ತು? ಹೊಸಬರನ್ನು ಸೇರಿಸಿಕೊಳ್ಳುವಾಗ ನೀವು ಮೊದಲ ದಿನ ಏನು ನೋಡುತ್ತೀರಿ? ಅಂಕಪಟ್ಟಿಯನ್ನು ಇನ್ನು ನಾನು ನಂಬಲಾರೆ.

ಉತ್ತರ: ನಿವೃತ್ತ ಮಾಸ್ತರ, ಡೊಂಬಿವಲಿ

ನಿಮ್ಮ ಹುಡುಗ ಒಬ್ಬನೇ ಅಲ್ಲ. ಮಕ್ಕಳ ಕಲಿಕೆಯನ್ನು ಪರೀಕ್ಷಿಸುವ 2023ರ ‘ಅಸರ್’ ಸಮೀಕ್ಷೆಯಲ್ಲಿ 14ರಿಂದ 18 ವಯಸ್ಸಿನ ಗ್ರಾಮೀಣ ಮಕ್ಕಳಿಗೆ ಇದನ್ನೇ ಕೇಳಿದ್ದರು. ವಸ್ತುವಿನ ತುದಿ ಸೊನ್ನೆಯ ಮೇಲಿದ್ದಾಗ ಸುಮಾರು ಶೇ. 85 ಮಂದಿ ಸರಿಯಾಗಿ ಅಳೆದರು. ತುದಿಯನ್ನು ಸೊನ್ನೆಯಿಂದ ಸರಿಸಿದಾಗ ಶೇ. 39 ಮಂದಿ ಮಾತ್ರ.

ಇದರಲ್ಲಿ ನನ್ನ ಪಾಲೂ ಇದೆ. ಮುರಿದ ಅಳತೆಪಟ್ಟಿಯ ಲೆಕ್ಕವನ್ನು ನಾನೂ ಕಲಿಸಿದ್ದೇನೆ, ಬೋರ್ಡಿನ ಮೇಲೆ, ಐದೇ ನಿಮಿಷದಲ್ಲಿ. ಒಬ್ಬ ಹುಡುಗನ ಕೈಗಾದರೂ ಮುರಿದ ಪಟ್ಟಿ ಕೊಟ್ಟು ಬೆಂಚು ಅಳೆಯಲು ಹೇಳಲಿಲ್ಲ.

ಉತ್ತರ: ಚಾಕಣದ ಫಿಟ್ಟರ್

ಅಣ್ಣ, ಸಿಟ್ಟಾಗಬೇಡಿ. ನಾನು ಐಟಿಐ ಕಲಿತವನು. ದವಡೆಯಲ್ಲಿ ಹಿಡಿದು ಸೂಕ್ಷ್ಮವಾಗಿ ಅಳೆಯುವ ವರ್ನಿಯರ್‌ನಲ್ಲಿ 49 ಮಿಲಿಮೀಟರನ್ನು 50 ಭಾಗ ಮಾಡಿರುತ್ತಾರೆ, ಆದ್ದರಿಂದ ಲೀಸ್ಟ್ ಕೌಂಟ್, ಅಂದರೆ ಅದು ಅಳೆಯಬಲ್ಲ ಅತಿ ಚಿಕ್ಕ ಅಳತೆ, 0.02 ಮಿಲಿಮೀಟರ್ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದೆ. ದವಡೆ ಮುಚ್ಚಿದಾಗ ಸೊನ್ನೆಗೆ ಸೊನ್ನೆ ಕೂಡುತ್ತದೆಯೇ ಎಂದು ಮೊದಲು ನೋಡಬೇಕೆಂಬುದು ಮೈಗೆ ಹತ್ತಿದ್ದು ಕೆಲಸಕ್ಕೆ ಸೇರಿದ ಮೇಲೆ, ಒಂದು ಜಾಬ್ (ಮಾಡುತ್ತಿದ್ದ ತುಂಡು) ಕೆಡಿಸಿ ಬೈಸಿಕೊಂಡಾಗ.

ಈಗ ನನ್ನ ಪ್ರಶ್ನೆ. ಹತ್ತರಿಂದ ಹಿಡಿ ಎಂದು ಅವನಿಗೆ ಹೇಳಿದವರು ಯಾರು? ಏಕೆ ಎಂದೂ ಹೇಳಿದರೇ? ಮೊದಲ ತುಂಡನ್ನು ಯಾರಾದರೂ ಅಳೆದು ನೋಡಿದರೇ? ಹದಿನಾಲ್ಕೂ ಹೋಗುವವರೆಗೆ ಶೆಡ್ಡಿನಲ್ಲಿ ಉಳಿದವರು ಏನು ಮಾಡುತ್ತಿದ್ದರು?

ಉತ್ತರ: ಮಾಟುಂಗಾದ ಹೋಟೆಲಿನವ

ನನ್ನ ಗಲ್ಲಾದಲ್ಲಿ ಬಿ.ಕಾಂ. ಮುಗಿಸಿದವನೊಬ್ಬನಿದ್ದ. ಶೇ. 5 ಜಿಎಸ್‌ಟಿ ಸೇರಿ 210 ರೂಪಾಯಿಯ ಬಿಲ್ಲಿನಲ್ಲಿ ತೆರಿಗೆ ಎಷ್ಟೆಂದರೆ ಹತ್ತೂವರೆ ಎನ್ನುತ್ತಿದ್ದ. ಸರಿಯಾಗಿ ಹತ್ತು ಎಂದವನು ಏಳನೆಯ ತರಗತಿಗೇ ಶಾಲೆ ಬಿಟ್ಟ ನಮ್ಮ ಸಪ್ಲಾಯರ್. ನಾನು ಮೊದಲ ದಿನ ಕೇಳುವುದು ಇದೊಂದೇ ಲೆಕ್ಕ.

ಮರು ಉತ್ತರ: ಭೋಸರಿಯ ಲೇಥಿನವ

ಚಾಕಣದ ತಮ್ಮ, ಸರಿಯಾದ ಜಾಗಕ್ಕೇ ಕೈ ಹಾಕಿದೆ. ವಿಚಾರಿಸಿದೆ. ನಮ್ಮ ಹಳೆಯ ಆಪರೇಟರ್ ಅವನಿಗೆ ‘ದಹಾಪಾಸೂನ್ ಧರ್’ ಎಂದು ಮೂರು ಸಲ ಹೇಳಿದ್ದಾರಂತೆ. ಹತ್ತರಿಂದ ಹಿಡಿ, ಅಷ್ಟೇ. ಹುಡುಗನಿಗೆ ಮರಾಠಿ ಇನ್ನೂ ಹತ್ತಿಲ್ಲ, ಮತ್ತೆ ಕೇಳಲು ಹೆದರಿದ್ದಾನೆ. ಮೊದಲ ತುಂಡು ನೋಡಬೇಕಾದವನು ನಾನು, ನಾನು ಬ್ಯಾಂಕಿನಲ್ಲಿದ್ದೆ.

ಹೊಸ ಸ್ಕೇಲ್ ತಂದಿದ್ದೇನೆ. ಹಳೆಯದನ್ನು ಎಸೆದಿಲ್ಲ. ಸೋಮವಾರ ಇನ್ನಿಬ್ಬರು ಬರುತ್ತಾರೆ, ಅವರ ಕೈಗೆ ಮೊದಲು ಅದನ್ನೇ ಕೊಡುತ್ತೇನೆ. ಪಕ್ಕದಲ್ಲಿ ಇವನನ್ನು ನಿಲ್ಲಿಸುತ್ತೇನೆ, ಕನ್ನಡದಲ್ಲಿ ಹೇಳಿಕೊಡಲು.