ಪ್ರಶ್ನೋತ್ತರ: ಸಭಾಂಗಣವೂ ಬೇಕು, ಆನ್‌ಲೈನೂ ಬೇಕು. ಹೊಂದಿಸೋದು ಹೇಗೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ವೃತ್ತಿಪರರ ಒಂದು ಸಂಘ. ಪ್ರತಿ ವರ್ಷ ಎರಡು ದಿನದ ಸಮ್ಮೇಳನ ನಡೆಸುತ್ತೇವೆ. ಕೋವಿಡ್ ಸಮಯದಲ್ಲಿ ಪೂರ್ತಿ ಆನ್‌ಲೈನ್ ಮಾಡಿದ್ದೆವು. ದೂರದ ಸದಸ್ಯರು, ಯಾವತ್ತೂ ಮುಖ ತೋರಿಸದವರು ಕೂಡ ಸೇರಿಕೊಂಡಿದ್ದರು. ಮತ್ತೆ ಸಭಾಂಗಣಕ್ಕೆ ಮರಳಿದ ಮೇಲೆ ಅವರ ಸುಳಿವೇ ಇಲ್ಲ. ಈ ಸಲ ಸಭಾಂಗಣದಲ್ಲೇ ನಡೆಸಿ, ಎರಡೂ ದಿನ ಬೆಳಗ್ಗೆಯಿಂದ ಸಂಜೆವರೆಗೂ ಲೈವ್ ಕೊಡೋಣ ಅಂತ ಸಮಿತಿಯಲ್ಲಿ ಕೆಲವರು ಹೇಳುತ್ತಿದ್ದಾರೆ. ಲೈವ್ ಕೊಟ್ಟರೆ ಕುರ್ಚಿಗಳೆಲ್ಲ ಖಾಲಿ ಅಂತ ಉಳಿದವರ ವಾದ. ನೀವು ಇದೇ ಕೆಲಸದಲ್ಲಿ ಇರುವವರು. ಯಾರ ಮಾತು ಕೇಳಬೇಕು?

ಉತ್ತರ (ಕಾರ್ಯಕ್ರಮ ನಿರ್ವಾಹಕಿ): ನಮಸ್ಕಾರ ಸರ್. ನಾನಾದರೆ ಎರಡನ್ನೂ ಒಪ್ಪುವುದಿಲ್ಲ. ಒಂದೇ ಕಾರ್ಯಕ್ರಮವನ್ನು ಎರಡು ಕಡೆ ತೋರಿಸಲು ಹೊರಟಾಗಲೇ ಈ ಜಗಳ ಬರುವುದು. ಕೆಲಸ ಹಂಚಿಬಿಡಿ. ಯಾವುದಕ್ಕೆ ಜನ ಎದುರುಬದುರು ಕೂರಲೇಬೇಕೋ ಅದು ಸಭಾಂಗಣಕ್ಕೆ. ಉಳಿದದ್ದು ಆನ್‌ಲೈನ್‌ಗೆ, ಅದೂ ಸಮ್ಮೇಳನದ ದಿನವೇ ಆಗಬೇಕು ಅಂತೇನಿಲ್ಲ.

ನಿಮ್ಮ ಕಳೆದ ವರ್ಷದ ಕಾರ್ಯಕ್ರಮ ಪಟ್ಟಿ ತೆಗೆದು ಒಂದೊಂದೇ ಸಾಲು ನೋಡಿ. ಸ್ವಾಗತ, ವರ್ಷದ ವರದಿ, ಲೆಕ್ಕಪತ್ರ, ನಲವತ್ತು ನಿಮಿಷದ ಮುಖ್ಯ ಭಾಷಣ, ಒಂದರ ಹಿಂದೊಂದು ಸ್ಲೈಡ್ ಪ್ರದರ್ಶನ. ಇದಕ್ಕೆಲ್ಲ ಜನ ಬಸ್ಸು ರೈಲು ಹಿಡಿದು ಬರಬೇಕಾ? ಭಾಷಣಗಳನ್ನು ಎರಡು ವಾರ ಮೊದಲೇ ರೆಕಾರ್ಡ್ ಮಾಡಿ ಸದಸ್ಯರಿಗೆ ಕಳಿಸಿ. ಒಂದೊಂದೂ ಹದಿನೈದು ನಿಮಿಷ ಮೀರದಿರಲಿ. ವರದಿ, ಲೆಕ್ಕಪತ್ರಕ್ಕೆ ಒಂದು ಸಂಜೆ ಆನ್‌ಲೈನ್ ಸಭೆ ಸಾಕು. ಆಗ ಸಭಾಂಗಣದ ಸಮಯವೆಲ್ಲ ಚರ್ಚೆಗೆ, ಕೈಯಾರೆ ಮಾಡಿ ಕಲಿಯುವ ಕೆಲಸಕ್ಕೆ, ಹೊಸಬರು ಹಳಬರು ಪರಿಚಯವಾಗುವುದಕ್ಕೆ ಉಳಿಯುತ್ತೆ.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮೆಲನಿ ಬ್ರಕ್ಸ್ ಮತ್ತು ಜೊನಾಥನ್ ಲೆವಾವ್ ಅವರ ಒಂದು ಅಧ್ಯಯನ ಬಂತು. ಇಬ್ಬಿಬ್ಬರನ್ನು ಜೋಡಿ ಮಾಡಿ, ಕೆಲವರನ್ನು ಒಂದೇ ಕೋಣೆಯಲ್ಲಿ, ಕೆಲವರನ್ನು ವಿಡಿಯೋ ಕರೆಯಲ್ಲಿ ಕೂರಿಸಿ ಹೊಸ ಐಡಿಯಾ ಹುಡುಕಲು ಹೇಳಿದರು. ವಿಡಿಯೋದಲ್ಲಿದ್ದವರಿಗೆ ಕಡಿಮೆ ಐಡಿಯಾ ಹೊಳೆಯಿತು. ಕಣ್ಣು ಪರದೆಗೇ ಅಂಟಿಕೊಂಡಾಗ ಯೋಚನೆಯೂ ಕಿರಿದಾಗುತ್ತೆ ಅಂತ ಅವರ ವಿವರಣೆ. ಆದರೆ ಬಂದ ಐಡಿಯಾಗಳಲ್ಲಿ ಒಳ್ಳೆಯದನ್ನು ಆರಿಸುವ ಕೆಲಸದಲ್ಲಿ ವಿಡಿಯೋದವರು ಹಿಂದೆ ಬೀಳಲಿಲ್ಲ. ನಿಮ್ಮ ಕೆಲಸಕ್ಕೆ ಇದು ನೇರವಾಗಿ ಬರುತ್ತೆ. ‘ಮುಂದಿನ ವರ್ಷ ಏನೇನು ಮಾಡಬಹುದು’ ಅನ್ನುವ ಚರ್ಚೆ ಸಭಾಂಗಣದಲ್ಲಿ ಆಗಲಿ. ‘ಇವುಗಳಲ್ಲಿ ಯಾವುದನ್ನು ಮಾಡೋಣ’ ಅನ್ನುವ ತೀರ್ಮಾನ ಎರಡು ವಾರ ಬಿಟ್ಟು ಆನ್‌ಲೈನ್‌ನಲ್ಲಿ ಆಗಲಿ. ಬರಲಾಗದವರಿಗೂ ಆಗ ಮತ ಹಾಕಲು ಅವಕಾಶ ಸಿಗುತ್ತೆ.

ಇನ್ನು ಖಾಲಿ ಕುರ್ಚಿಯ ಭಯ. ಬರೀ ಭಾಷಣ ಕೇಳಲು ಬರುವವರು ಲೈವ್ ಇದ್ದರೆ ಮನೆಯಲ್ಲೇ ಉಳಿಯುತ್ತಾರೆ, ನಿಜ. ಜನರನ್ನು ಕಾಣಲು ಬರುವವರು ಬಂದೇ ಬರುತ್ತಾರೆ. ಲೈವ್ ಕೊಟ್ಟ ಕೂಡಲೇ ಅರ್ಧ ಸಭಾಂಗಣ ಖಾಲಿಯಾಗುತ್ತೆ ಅಂದರೆ ಅಲ್ಲಿ ಭಾಷಣ ಬಿಟ್ಟು ಬೇರೇನೂ ಇರಲಿಲ್ಲ ಅಂತ ಅರ್ಥ. ಸಮಿತಿಯಲ್ಲಿ ಇದನ್ನು ಸ್ವಲ್ಪ ಮೆತ್ತಗೆ ಹೇಳಿ.

ಪ್ರಶ್ನೆ: ಭಾಷಣ ಮೊದಲೇ ಕಳಿಸುವುದು ಚೆನ್ನಾಗಿದೆ ಮೇಡಂ. ಆದರೆ ಚಿಕ್ಕ ಮಕ್ಕಳಿರುವವರು, ಓಡಾಡಲು ಕಷ್ಟ ಇರುವ ಹಿರಿಯರು, ರಜೆ ಸಿಗದವರು, ಇವರಿಗೆ ಸಮ್ಮೇಳನದ ದಿನ ಏನೂ ಇಲ್ವಾ?

ಉತ್ತರ: ಇರಬೇಕು. ಆದರೆ ಎರಡು ದಿನ ಪೂರ್ತಿ ಬೇಡ. ಹಿಂದಿನ ಸಾಲಿನ ಹಿಂದೆ ಒಂದು ಕ್ಯಾಮೆರಾ ನಿಲ್ಲಿಸಿ ಲೈವ್ ಬಿಟ್ಟರೆ, ಆನ್‌ಲೈನ್‌ನವರು ಯಾರದೋ ಮನೆಯ ಕಿಟಕಿಯಲ್ಲಿ ಇಣುಕಿದ ಹಾಗಿರುತ್ತೆ. ಅವರನ್ನು ಸೇರಿಸಿಕೊಳ್ಳಲು ಆಗುವಂಥ ಮೂರೋ ನಾಲ್ಕೋ ಗೋಷ್ಠಿ ಆರಿಸಿ. ಅಷ್ಟನ್ನು ಚೆನ್ನಾಗಿ ಮಾಡಿ.

ಮೊದಲು ಬೇಕಾದದ್ದು ಆನ್‌ಲೈನ್‌ನವರಿಗೇ ಮೀಸಲಾದ ಒಬ್ಬ ನಿರೂಪಕರು. ವೇದಿಕೆಯ ನಿರೂಪಕರೇ ಎರಡನ್ನೂ ನೋಡಿಕೊಳ್ಳಲಿ ಅಂದರೆ ಆಗದ ಮಾತು. ಎದುರಿಗೆ ಕೈ ಎತ್ತಿದವರು ಕಾಣುತ್ತಾರೆ, ಚಾಟ್‌ನಲ್ಲಿ ಬರೆದವರು ಕಾಣುವುದಿಲ್ಲ. ಈ ಇನ್ನೊಬ್ಬರು ಮುಂದಿನ ಸಾಲಿನಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರಬೇಕು, ಅವರ ಕೈಯಲ್ಲೊಂದು ಮೈಕ್ ಇರಬೇಕು, ನಡುವೆ ಬಾಯಿ ಹಾಕುವ ಅಧಿಕಾರ ಇರಬೇಕು. ಮೊದಲ ಪ್ರಶ್ನೆ ಆನ್‌ಲೈನ್‌ನಿಂದಲೇ ತೆಗೆದುಕೊಳ್ಳಿ. ಕೊನೆಗೆ ಅಂತ ಇಟ್ಟರೆ ಸಮಯ ಮುಗಿದಿರುತ್ತೆ, ಯಾವಾಗಲೂ.

ಎರಡನೆಯದು ಮೈಕ್. ಮುಂದಿನ ಸಾಲಿನ ಹಿರಿಯರೊಬ್ಬರು ‘ನನಗೆ ಮೈಕ್ ಬೇಡ, ನನ್ನ ದನಿ ಜೋರಿದೆ’ ಅಂತ ಎದ್ದು ನಿಂತು ಪ್ರಶ್ನೆ ಕೇಳುತ್ತಾರೆ. ಸಭಾಂಗಣದಲ್ಲಿ ಎಲ್ಲರಿಗೂ ಕೇಳುತ್ತೆ. ಆನ್‌ಲೈನ್‌ನಲ್ಲಿ ಅರ್ಧ ನಿಮಿಷ ಮೌನ, ಆಮೇಲೆ ಇದ್ದಕ್ಕಿದ್ದಂತೆ ವೇದಿಕೆ ಮೇಲಿನವರ ನಗು, ಆಮೇಲೆ ‘ಹೌದು ಹೌದು, ನೀವು ಹೇಳಿದ್ದು ಸರಿ’. ಏನು ಸರಿ ಅಂತ ಯಾರಿಗೂ ಗೊತ್ತಿಲ್ಲ! ಮೈಕ್ ಇಲ್ಲದೆ ಕೇಳಿದ ಪ್ರಶ್ನೆಯನ್ನು ಭಾಷಣಕಾರರು ಮತ್ತೊಮ್ಮೆ ಹೇಳಿಯೇ ಉತ್ತರಿಸಬೇಕು ಅಂತ ಮೊದಲೇ ತಿಳಿಸಿಬಿಡಿ.

ಮೂರನೆಯದು ವಿರಾಮ. ಸಭಾಂಗಣದವರು ಎದ್ದು ಹೊರಗೆ ಹರಟೆ ಹೊಡೆಯುತ್ತಿರುತ್ತಾರೆ. ಆನ್‌ಲೈನ್‌ನವರು ಖಾಲಿ ವೇದಿಕೆ ನೋಡುತ್ತಾ ಕೂರುತ್ತಾರೆ. ಎಷ್ಟೋ ಜನ ಅಲ್ಲೇ ಕೈಬಿಟ್ಟು ಹೋಗುವುದು. ಆಗಷ್ಟೇ ಮಾತಾಡಿದವರನ್ನು ಪಕ್ಕದ ಕೋಣೆಗೆ ಕರೆದೊಯ್ದು ಲ್ಯಾಪ್‌ಟಾಪ್ ಮುಂದೆ ಹತ್ತು ನಿಮಿಷ ಕೂರಿಸಿ, ಆನ್‌ಲೈನ್‌ನವರ ಜೊತೆ ಮಾತಾಡಲಿ. ಸಭಾಂಗಣದವರಿಗೆ ಸಿಗದ ಒಂದು ಭಾಗ್ಯ ಅವರಿಗೆ ಸಿಕ್ಕಿತು ಅಲ್ವಾ?

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಾನು ನಮ್ಮ ಸಂಸ್ಥೆಯಲ್ಲಿ ಸೌಂಡ್ ನೋಡಿಕೊಳ್ಳುತ್ತೇನೆ. ಹೀಗೇ ಒಂದು ಸಭೆ ನಡೆಸಿದಾಗ ಆನ್‌ಲೈನ್‌ನಿಂದ ಮಾತಾಡಿದವರಿಗೆ ಅವರದೇ ದನಿ ಒಂದು ಕ್ಷಣ ಬಿಟ್ಟು ತಿರುಗಿ ಕೇಳಿಸುತ್ತಿತ್ತು, ಪಾಪ ಅವರು ತಡವರಿಸಿದರು. ಇದಕ್ಕೇನು ಮಾಡೋದು?

ಉತ್ತರ: ಅವರ ದನಿ ಮಿಕ್ಸರ್‌ಗೆ (ಎಲ್ಲ ಮೈಕ್‌ಗಳ ದನಿ ಸೇರಿಸುವ ಯಂತ್ರ) ಬಂದು, ಅಲ್ಲಿಂದ ಉಳಿದ ಮೈಕ್‌ಗಳ ಜೊತೆ ಅವರಿಗೇ ವಾಪಸ್ ಹೋಗುತ್ತಿತ್ತು. ಮಿಕ್ಸ್ ಮೈನಸ್ ಮಾಡಿ. ಅಂದರೆ ಲ್ಯಾಪ್‌ಟಾಪ್‌ಗೆ ಕಳಿಸುವ ಸೌಂಡ್‌ನಲ್ಲಿ ಎಲ್ಲ ಮೈಕ್ ಇರಲಿ, ಆ ಲ್ಯಾಪ್‌ಟಾಪ್‌ನಿಂದ ಬಂದ ಚಾನೆಲ್ ಮಾತ್ರ ಬೇಡ. ಮಿಕ್ಸರ್‌ನ ಆಕ್ಸ್ ಔಟ್‌ಪುಟ್ (ಸಭಾಂಗಣದ ಸ್ಪೀಕರ್‌ಗೆ ಹೋಗುವುದಲ್ಲದೆ ಬೇರೆಯಾಗಿ ಸೌಂಡ್ ಕಳಿಸುವ ದಾರಿ) ಬಳಸಿ, ಆ ಚಾನೆಲ್‌ನ ಆಕ್ಸ್ ಗುಂಡಿ ಪೂರ್ತಿ ಕೆಳಗಿಳಿಸಿದರೆ ಮುಗಿಯಿತು. ಅದನ್ನು ಪ್ರಿ ಫೇಡರ್‌ನಲ್ಲಿ ಇಡಿ, ಅಂದರೆ ಸಭಾಂಗಣದ ದನಿ ಏರಿಸಿ ಇಳಿಸುವ ಫೇಡರ್‌ಗಿಂತ ಮೊದಲೇ ಸೌಂಡ್ ತೆಗೆದುಕೊಳ್ಳುವ ಹಾಗೆ. ಇಲ್ಲದಿದ್ದರೆ ಸಭಾಂಗಣಕ್ಕೆ ನೀವು ದನಿ ಏರಿಸಿ ಇಳಿಸಿದಾಗಲೆಲ್ಲ ಆನ್‌ಲೈನ್‌ನಲ್ಲೂ ಏರುಪೇರಾಗುತ್ತೆ. ಸಭಾಂಗಣದ ಸ್ಪೀಕರ್‌ನ ದನಿ ತೆರೆದ ಮೈಕ್‌ಗೆ ಹೊಕ್ಕರೂ ಸ್ವಲ್ಪ ಪ್ರತಿಧ್ವನಿ ಉಳಿಯುತ್ತೆ, ಹಾಗಾಗಿ ಬಳಸದ ಮೈಕ್ ಎಲ್ಲ ಮ್ಯೂಟ್.

ತಡದ ವಿಷಯವೂ ಹೇಳಿಬಿಡುತ್ತೇನೆ. ಮಾತುಕತೆ ಸಹಜ ಅನ್ನಿಸಲು ಒಬ್ಬರ ದನಿ ಇನ್ನೊಬ್ಬರಿಗೆ ತಲುಪುವ ತಡ 150 ಮಿಲಿಸೆಕೆಂಡ್ ಒಳಗಿರಬೇಕು ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಇದೆ. ಝೂಮ್‌ನಂಥ ಸಭೆಯ ಆ್ಯಪ್‌ಗಳು ಈ ಕೆಲಸಕ್ಕೇ ಇರುವುದು. ಯೂಟ್ಯೂಬ್ ಲೈವ್‌ನಂಥವುಗಳಲ್ಲಿ ಹಲವು ಸೆಕೆಂಡ್ ತಡ ಇರುತ್ತೆ. ವೇದಿಕೆಯಲ್ಲಿ ‘ಬೇಗ ಮತ ಹಾಕಿ, ಹತ್ತು ಸೆಕೆಂಡ್ ಇದೆ’ ಅಂದರೆ ಅಲ್ಲಿಯವರಿಗೆ ಪ್ರಶ್ನೆ ಕಾಣುವಷ್ಟರಲ್ಲಿ ಮತದಾನ ಮುಗಿದಿರುತ್ತೆ. ನೋಡುವವರಿಗೆ ಲೈವ್, ಮಾತಾಡುವವರಿಗೆ ಸಭೆಯ ಆ್ಯಪ್ ಅಂತ ಬೇರೆ ಮಾಡಿ. ವೈಫೈ ನಂಬಬೇಡಿ, ಕೇಬಲ್ ಎಳೆಯಿರಿ. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸಿಕೊಳ್ಳುತ್ತಾರೆ, ದನಿ ಕೆಟ್ಟರೆ ಎದ್ದು ಹೋಗುತ್ತಾರೆ. ದುಡ್ಡು ಕಡಿಮೆ ಇದ್ದರೆ ಕ್ಯಾಮೆರಾದಲ್ಲಿ ಉಳಿಸಿ, ಮೈಕ್‌ನಲ್ಲಿ ಬೇಡ.

ಮೊದಲಿನ ಸದಸ್ಯರು: ನಮ್ಮ ದೂರದ ಸದಸ್ಯರು ಎರಡು ಮೂರು ಊರುಗಳಲ್ಲಿ ಗುಂಪಾಗಿದ್ದಾರೆ. ಒಬ್ಬೊಬ್ಬರೇ ಮನೆಯಿಂದ ಸೇರುವ ಬದಲು ಅವರೆಲ್ಲ ಒಂದು ಕಡೆ ಕೂತು ಸೇರಬಹುದಾ?

ಉತ್ತರ: ಸರ್, ಇದನ್ನು ನೀವು ಮೊದಲೇ ಹೇಳಬೇಕಿತ್ತು! ಹಾಗಿದ್ದರೆ ಹಬ್ ಮಾಡಿ. ಊರಿಗೊಂದು ಕೋಣೆ, ಒಂದು ದೊಡ್ಡ ಪರದೆ, ಒಬ್ಬ ಸ್ಥಳೀಯ ಸಂಚಾಲಕರು. ಭಾಷಣ ಪರದೆಯಲ್ಲಿ ಬರಲಿ, ಚರ್ಚೆ ಆ ಕೋಣೆಯಲ್ಲೇ ನಡೆಯಲಿ. ಕೊನೆಗೆ ಪ್ರತಿ ಹಬ್‌ನಿಂದ ಒಬ್ಬರು ಐದು ನಿಮಿಷ ಮುಖ್ಯ ಸಭೆಗೆ ಹೇಳಲಿ. ಮನೆಯಲ್ಲಿ ಒಂಟಿಯಾಗಿ ಪರದೆ ನೋಡುವವರಿಗೂ ಹಬ್‌ನಲ್ಲಿ ಹತ್ತು ಜನರ ಜೊತೆ ಕೂತವರಿಗೂ ಅಜಗಜಾಂತರ.

ಹಬ್‌ನಿಂದ ಪರಿಸರಕ್ಕೂ ಒಳ್ಳೆಯದು. 2021ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಲೆಕ್ಕಾಚಾರದ ಪ್ರಕಾರ, ಸಮ್ಮೇಳನವನ್ನು ಪೂರ್ತಿ ಆನ್‌ಲೈನ್ ಮಾಡಿದರೆ ಅದರ ಇಂಗಾಲದ ಹೊರೆ (ಅದರಿಂದ ಗಾಳಿಗೆ ಸೇರುವ ಹಸಿರುಮನೆ ಅನಿಲ) 94% ಇಳಿಯುತ್ತೆ. ಹಬ್‌ಗಳನ್ನು ಸರಿಯಾಗಿ ಆರಿಸಿದರೆ, ಅರ್ಧಕ್ಕಿಂತ ಜಾಸ್ತಿ ಜನ ಎದುರುಬದುರು ಸೇರಿಯೂ ಮೂರನೇ ಎರಡು ಭಾಗ ಇಳಿಸಬಹುದು. ಹೊರೆಯ ಬಹುಪಾಲು ಬರುವುದೇ ಪ್ರಯಾಣದಿಂದ.

ಅಂದಹಾಗೆ ಇದೇನೂ ಕೋವಿಡ್ ಕಲಿಸಿದ ವಿದ್ಯೆ ಅಲ್ಲ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಕಂಪ್ಯೂಟರ್ ಸಮ್ಮೇಳನದಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ಎಂಬ ಕಂಪ್ಯೂಟರ್ ಸಂಶೋಧಕರು ಸುಮಾರು ಸಾವಿರ ಜನರ ಮುಂದೆ ಕೂತು ಮೌಸ್ ತೋರಿಸಿದರು. ಅವರ ತಂಡ ಇದ್ದದ್ದು ಸುಮಾರು 50 ಕಿಲೋಮೀಟರ್ ದೂರದ ಮೆನ್ಲೋ ಪಾರ್ಕ್‌ನಲ್ಲಿ. ಮೈಕ್ರೋವೇವ್ ಸಂಪರ್ಕದಲ್ಲಿ ಅಲ್ಲಿನ ಸಹೋದ್ಯೋಗಿಯ ಮುಖ ಸಭಾಂಗಣದ ಪರದೆಗೆ ಬಂತು, ಇಬ್ಬರೂ ಒಂದೇ ಪಠ್ಯದ ಮೇಲೆ ಕೆಲಸ ಮಾಡಿದರು. ನಾವಿನ್ನೂ ‘ಕೇಳಿಸ್ತಿದೆಯಾ?’ ಅನ್ನುವುದರಲ್ಲೇ ಇದ್ದೇವೆ.

ಮತ್ತೊಬ್ಬ ಸದಸ್ಯೆಯ ಪ್ರಶ್ನೆ: ಆನ್‌ಲೈನ್ ಗೋಷ್ಠಿ ಎಷ್ಟು ಹೊತ್ತು ಇರಬಹುದು? ಕ್ಯಾಮೆರಾ ಆನ್ ಇರಲೇಬೇಕು ಅಂತ ನಿಯಮ ಮಾಡಬಹುದಾ?

ಉತ್ತರ: ಐವತ್ತು ನಿಮಿಷ ಸಾಕು, ಆಮೇಲೆ ಬ್ರೇಕ್. ಕ್ಯಾಮೆರಾ ನಿಯಮ ಬೇಡ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಜೆರೆಮಿ ಬೇಲೆನ್‌ಸನ್ 2021ರಲ್ಲಿ ವಿಡಿಯೋ ಸಭೆಯ ಸುಸ್ತಿಗೆ ಪಟ್ಟಿ ಮಾಡಿದ ಕಾರಣಗಳಲ್ಲಿ ಮೂರು ಕ್ಯಾಮೆರಾಕ್ಕೇ ಸಂಬಂಧಿಸಿದವು: ತೀರಾ ಹತ್ತಿರದಿಂದ ದಿಟ್ಟಿಸುವ ಮುಖಗಳು, ತನ್ನದೇ ಮುಖ ನೋಡುತ್ತಾ ಕೂರುವುದು, ಅಲುಗಾಡದೆ ಒಂದೇ ಕಡೆ ಇರುವುದು. ಚಿಕ್ಕ ಗುಂಪಿನ ಚರ್ಚೆಗೆ ‘ಸಾಧ್ಯವಾದರೆ ಆನ್ ಮಾಡಿ’ ಅನ್ನಿ, ಅಷ್ಟೇ.

ಮೊದಲಿನ ಸದಸ್ಯರು: ಕೊನೆಯ ಪ್ರಶ್ನೆ ಮೇಡಂ. ಸಮ್ಮೇಳನ ಮುಗಿದ ಮೇಲೆ ರೆಕಾರ್ಡಿಂಗ್ ಹಾಕುತ್ತೇವೆ, ಯಾರೂ ನೋಡುವುದಿಲ್ಲ. ಸುಮ್ನೆ ಬಿಟ್ಟುಬಿಡೋದಾ?

ಉತ್ತರ: ಏಳು ಗಂಟೆಯ ಒಂದೇ ವಿಡಿಯೋ ಹಾಕಿದರೆ ಯಾರು ನೋಡುತ್ತಾರೆ ಸರ್! ಗೋಷ್ಠಿಗೊಂದರಂತೆ ತುಂಡು ಮಾಡಿ, ಶೀರ್ಷಿಕೆಯಲ್ಲಿ ವಿಷಯ ಇರಲಿ, ‘ಎರಡನೇ ದಿನ ಭಾಗ ನಾಲ್ಕು’ ಅಂತ ಬೇಡ. ಸಬ್‌ಟೈಟಲ್ ಹಾಕಿ. ಭಾಷಣಕಾರರ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ. ಪ್ರೇಕ್ಷಕರ ಮುಖ, ಪ್ರಶ್ನೆ ರೆಕಾರ್ಡ್ ಆಗುತ್ತಿದ್ದರೆ ಅವರಿಗೂ ತಿಳಿಸಿ.

ಅದಕ್ಕಿಂತ ಮುಖ್ಯವಾದದ್ದು, ರೆಕಾರ್ಡಿಂಗ್‌ಗೊಂದು ನೆಪ ಕೊಡಿ. ತಿಂಗಳಿಗೊಂದು ಸಂಜೆ ಒಂದು ಗಂಟೆ ಆನ್‌ಲೈನ್ ಸೇರಿ. ಒಂದು ಗೋಷ್ಠಿಯ ವಿಡಿಯೋ ಮೊದಲೇ ನೋಡಿಕೊಂಡು ಬನ್ನಿ ಅಂತ ಹೇಳಿ, ಆ ಭಾಷಣಕಾರರನ್ನೂ ಕರೆಯಿರಿ. ಸಭಾಂಗಣದಲ್ಲಿ ಒಮ್ಮೆ ಪರಿಚಯವಾದವರು ಇಲ್ಲಿ ಸಲೀಸಾಗಿ ಮಾತಾಡುತ್ತಾರೆ. ಇಲ್ಲಿ ಬರೀ ಹೆಸರು ನೋಡಿಕೊಂಡವರು ಮುಂದಿನ ವರ್ಷ ಸಭಾಂಗಣಕ್ಕೆ ಬಂದು ಹುಡುಕಿ ಮಾತಾಡಿಸುತ್ತಾರೆ. ಈ ಕೆಲಸಕ್ಕೆ ಈಗಲೇ ಒಬ್ಬರ ಹೆಸರು ಬರೆದುಕೊಳ್ಳಿ. ಸಮ್ಮೇಳನ ಮುಗಿದ ಮೇಲೆ ನೋಡೋಣ ಅಂದರೆ ಯಾರೂ ಸಿಗುವುದಿಲ್ಲ.