ಎರಡು ಗೇಜ್ ಗ್ಲಾಸ್, ಎರಡು ಲೆವೆಲ್: ಯಾವುದನ್ನು ನಂಬೋದು?

ಕಾರಟಗಿ_ಅಟೆಂಡೆಂಟ್:
ಸ್ಟೀಮ್ ಅಕ್ಕಿ ಮಿಲ್ಲಿನ ಬಾಯ್ಲರ್. ಗಂಟೆಗೆ 2 ಟನ್ ಆವಿ, ಮೂರು ಪಾಸ್ (ಬೆಂಕಿಯ ಬಿಸಿ ಹೊಗೆ ಒಳಗೆ ಮೂರು ಸಲ ಹಾಯುತ್ತೆ), ಸೌದೆ ಬೆಂಕಿ. ಓಡಿಸೋದು ಚದರ ಸೆಂ.ಮೀ.ಗೆ 8 ಕೆ.ಜಿ. ಪ್ರೆಷರ್‌ನಲ್ಲಿ. ಒಳಗಿನ ನೀರಿನ ಮಟ್ಟ ತೋರಿಸೋ ಗೇಜ್ ಗ್ಲಾಸ್ ಎರಡಿವೆ. ಎಡಗಡೆ ಗ್ಲಾಸಲ್ಲಿ ನೀರು ಮುಕ್ಕಾಲು ತೋರಿಸ್ತಿದೆ, ಬಲಗಡೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಮೇಲೆ. ಮೊಬ್ರೆ (ನೀರಿನ ಮಟ್ಟ ನೋಡೋ ಫ್ಲೋಟ್ ಸ್ವಿಚ್) ನೀರಿನ ಪಂಪನ್ನು ಸರಿಯಾಗಿ ಆನ್-ಆಫ್ ಮಾಡ್ತಿದೆ, ಲೋ ವಾಟರ್ ಅಲಾರಂ ಬಂದಿಲ್ಲ. ಭತ್ತದ ಟ್ಯಾಂಕಿಗೆ ಆವಿ ಬಿಟ್ಟಾಗ ಬಲಗಡೆ ನೀರು ಕುಣಿಯುತ್ತೆ, ಎಡಗಡೆ ಅಲ್ಲಾಡೋದೇ ಇಲ್ಲ. ಬೋರ್ ನೀರು, ಗಡಸುತನ ತೆಗೆಯೋ ಸಾಫ್ಟ್‌ನರ್ ಇದೆ. ಯಾವ ಗ್ಲಾಸ್ ನಂಬಲಿ? ಬಾಯ್ಲರ್ ನಿಲ್ಲಿಸಬೇಕಾ?

ಆವಿಮನೆ:
ತಮ್ಮಾ, ಪರೀಕ್ಷೆ ಮಾಡೋ ತನಕ ಕಡಿಮೆ ತೋರಿಸುವ ಗ್ಲಾಸನ್ನೇ ನಿಜ ಅಂತ ಇಟ್ಟುಕೋ. ಗೇಜ್ ಗ್ಲಾಸ್ ಕೆಟ್ಟಾಗ ಹೆಚ್ಚಿನ ಸಲ ನೀರನ್ನು ಜಾಸ್ತಿ ತೋರಿಸುತ್ತದೆ. ಅಪಾಯ ಇರೋದೇ ಅಲ್ಲಿ.

ಕೆಳಗಿನ ನೀರಿನ ದಾರಿ ಕಟ್ಟಿಕೊಂಡರೆ, ಮೇಲಿಂದ ಬರುವ ಆವಿ ಗ್ಲಾಸಿನಲ್ಲಿ ತಣ್ಣಗಾಗಿ ಹನಿ ಹನಿಯಾಗಿ ಇಳಿಯುತ್ತೆ, ಕೆಳಗೆ ಹೋಗಲು ದಾರಿ ಇರಲ್ಲ, ಲೆವೆಲ್ ತನ್ನಷ್ಟಕ್ಕೆ ಏರುತ್ತಾ ಹೋಗುತ್ತೆ. ಮೇಲಿನ ಆವಿ ದಾರಿ ಕಟ್ಟಿದರೂ ಅಷ್ಟೇ, ಗ್ಲಾಸಿನ ತಲೆಯಲ್ಲಿರೋ ಆವಿ ನೀರಾಗಿ ಒತ್ತಡ ಇಳಿಯುತ್ತೆ, ಕೆಳಗಿನ ನೀರು ಮೇಲಕ್ಕೆ ತಳ್ಳಿಕೊಂಡು ಬರುತ್ತೆ. 1 ಕೆ.ಜಿ. ಒತ್ತಡ ಅಂದ್ರೆ 10 ಮೀಟರ್ ನೀರು. ಹಾಗಾಗಿ ಮೇಲಿನ ಗ್ಲಾಂಡ್ ನಟ್ಟಿನಲ್ಲಿ (ಗ್ಲಾಸ್ ಸುತ್ತಲಿನ ರಬ್ಬರ್ ರಿಂಗ್ ಬಿಗಿಯುವ ನಟ್ಟು) ಆವಿ ಸೋರಿ ಬರೀ 0.01 ಕೆ.ಜಿ. ವ್ಯತ್ಯಾಸ ಬಂದರೂ ಲೆವೆಲ್ 10 ಸೆಂ.ಮೀ. ಸುಳ್ಳಾಗುತ್ತೆ. ಮೊದಲು ಎಡಗಡೆಯ ಮೇಲಿನ ನಟ್ಟಿನ ಸುತ್ತ ಬಿಳಿ ಉಪ್ಪು ಕಟ್ಟಿದೆಯಾ ನೋಡು.

ಈಗ ಪರೀಕ್ಷೆ. ಗಾರ್ಡ್ ಗಾಜು ಇರಲೇಬೇಕು, ಕೈಗೆ ಗ್ಲೌಸ್, ಮುಖ ಪಕ್ಕಕ್ಕೆ. ಗ್ಲಾಸಿನ ಮೇಲಿನ ಆವಿ ಕಾಕ್ (ನಲ್ಲಿ), ಕೆಳಗಿನ ನೀರಿನ ಕಾಕ್ ಎರಡನ್ನೂ ಮುಚ್ಚಿ ಡ್ರೈನ್ ತೆಗಿ, ಗ್ಲಾಸ್ ಖಾಲಿಯಾಗುತ್ತೆ. ನೀರಿನ ಕಾಕ್ ಮಾತ್ರ ನಿಧಾನ ತೆಗಿ: ಜೋರಾಗಿ ಭುಸುಗುಟ್ಟಿ ಬರಬೇಕು. ಮುಚ್ಚು. ಆವಿ ಕಾಕ್ ಮಾತ್ರ ತೆಗಿ: ಆವಿಯೂ ಹಾಗೇ ಜೋರಾಗಿ ಬರಬೇಕು. ಮುಚ್ಚು, ಆಮೇಲೆ ಡ್ರೈನ್ ಮುಚ್ಚು. ಈಗ ನೀರಿನ ಕಾಕ್ ತೆಗೆದರೆ ನೀರು ಗ್ಲಾಸಿನ ತುದಿಯ ತನಕ ಏರಬೇಕು. ಕೊನೆಗೆ ಆವಿ ಕಾಕ್ ತೆಗೆದ ತಕ್ಷಣ ನೀರು ದಡಕ್ಕನೆ ಇಳಿದು ತನ್ನ ಲೆವೆಲ್ಲಿಗೆ ನಿಲ್ಲಬೇಕು. ಮೆಲ್ಲಗೆ ಇಳಿದರೆ ಆವಿ ದಾರಿ ಅರ್ಧ ಕಟ್ಟಿದೆ, ಇಳಿಯಲೇ ಇಲ್ಲ ಅಂದ್ರೆ ಪೂರ್ತಿ ಕಟ್ಟಿದೆ.

ಕಾಕನ್ನು ಒಮ್ಮೆಲೇ ಎಳೀಬೇಡ. ಕೆಲವು ಗೇಜುಗಳಲ್ಲಿ ಗ್ಲಾಸ್ ಒಡೆದಾಗ ದಾರಿ ಮುಚ್ಚಲು ಒಳಗೆ ಗುಂಡು ಇರುತ್ತೆ. ರಭಸಕ್ಕೆ ಅದು ಹಾರಿ ಸೀಟಿಗೆ ಕೂತರೆ, ಚೊಕ್ಕಟ ಇರೋ ದಾರಿಯೂ ಕಟ್ಟಿದ ಹಾಗೆ ಕಾಣುತ್ತೆ.

ಒಂದು ಮಾತು ಗಟ್ಟಿಯಾಗಿ ನೆನಪಿಡು. ಪರೀಕ್ಷೆ ಆದಮೇಲೆ ಎರಡೂ ಗ್ಲಾಸಲ್ಲಿ ನೀರು ಕಾಣದೇ ಹೋದರೆ, ಪಂಪ್ ಹಾಕಬೇಡ. ಸೌದೆ ನಿಲ್ಲಿಸಿ ಫ್ಯಾನ್ ಬಂದ್ ಮಾಡು, ಬೆಂಕಿಯನ್ನು ಒದ್ದೆ ಬೂದಿಯಿಂದ ಮುಚ್ಚು, ಮೇನ್ ಸ್ಟೀಮ್ ವಾಲ್ವ್ ನಿಧಾನ ಮುಚ್ಚು. ಸೇಫ್ಟಿ ವಾಲ್ವ್ ಎತ್ತಬೇಡ. ತಾನಾಗೇ ಆರಲಿ. 8 ಕೆ.ಜಿ.ಯಲ್ಲಿ ಒಳಗಿನ ನೀರೇ ಸುಮಾರು 175 ಡಿಗ್ರಿ ಇರುತ್ತೆ. ಕಾದು ಕೆಂಪಾದ ತಗಡಿನ ಮೇಲೆ ನೀರು ಬಿದ್ದರೆ ಏನಾಗುತ್ತೆ ಅಂತ ಬೇರೆ ಹೇಳಬೇಕಿಲ್ಲ. ಬಾಯ್ಲರ್ ಇಲಾಖೆ ಇನ್‌ಸ್ಪೆಕ್ಟರ್ ನೋಡದೆ ಮತ್ತೆ ಬೆಂಕಿ ಹಾಕಬಾರದು.

ಪ್ಯಾನೆಲ್_ಬೋರ್ಡ್:
ಮೊಬ್ರೆ ಸರಿ ಇದೆ ಅನ್ನೋದಕ್ಕೆ ಪಂಪ್ ಆನ್-ಆಫ್ ಆಗೋದು ಸಾಕ್ಷಿ ಅಲ್ಲ. ಪಂಪ್ ಓಡಿಸುವ ಫ್ಲೋಟ್ ಬೇರೆ, ನೀರು ಕಡಿಮೆಯಾದಾಗ ಬೆಂಕಿಯ ಫ್ಯಾನ್ ನಿಲ್ಲಿಸುವ ಲೋ ವಾಟರ್ ಟ್ರಿಪ್ ಫ್ಲೋಟ್ ಬೇರೆ. ಎರಡನೆಯದು ದಿನವೂ ಕೆಲಸ ಮಾಡಲ್ಲ, ಹಾಗಾಗಿ ಕೆಸರು ತುಂಬಿ ಹಿಡಿದುಕೊಂಡಿದ್ದರೂ ಯಾರಿಗೂ ಗೊತ್ತಾಗಲ್ಲ.

ಪ್ರತಿ ಶಿಫ್ಟ್‌ಗೆ ಒಮ್ಮೆ ಎರಡೂ ಫ್ಲೋಟ್ ಚೇಂಬರ್ ಬ್ಲೋಡೌನ್ ಮಾಡಿ (ಡ್ರೈನ್ ತೆರೆದು ಒಳಗಿನ ನೀರು, ಕೆಸರು ಹೊರಗೆ ಬಿಡೋದು). ಒಂದನ್ನು ಮುಗಿಸಿ ಇನ್ನೊಂದು, ಒಟ್ಟಿಗೆ ಬೇಡ. ಅದರಲ್ಲಿ ಪಂಪ್ ಚಾಲು ಆಗಬೇಕು, ಅಲಾರಂ ಹೊಡೀಬೇಕು, ಎಫ್‌ಡಿ ಫ್ಯಾನ್ (ಬೆಂಕಿಗೆ ಗಾಳಿ ಊದುವ ಫ್ಯಾನ್) ಟ್ರಿಪ್ ಆಗಬೇಕು. ಆದರೆ ಚೇಂಬರ್ ಬ್ಲೋಡೌನ್‌ನ ರಭಸಕ್ಕೆ ಹಿಡಿದುಕೊಂಡ ಫ್ಲೋಟ್ ಕೂಡ ಕೆಳಗೆ ಬೀಳಬಹುದು. ಆದ್ದರಿಂದ ವಾರಕ್ಕೊಮ್ಮೆ ಬೆಂಕಿ ತಗ್ಗಿಸಿ, ಪಂಪ್ ಕೈಯಿಂದ ಆಫ್ ಮಾಡಿ, ಲೆವೆಲ್ ತಾನಾಗಿ ನಿಧಾನ ಇಳಿಯಲು ಬಿಟ್ಟು ನೋಡಿ. ಒಬ್ಬರು ಗ್ಲಾಸ್ ಮುಂದಿನಿಂದ ಕದಲಬಾರದು. ಗ್ಲಾಸಲ್ಲಿ ನೀರು ಇನ್ನೂ ಕಾಣುತ್ತಿರುವಾಗಲೇ ಟ್ರಿಪ್ ಆಗಬೇಕು. ಎಣ್ಣೆ ಬರ್ನರ್ ಆದರೆ ಟ್ರಿಪ್ ಆದ ಕ್ಷಣಕ್ಕೆ ಬೆಂಕಿ ಆರುತ್ತೆ. ಸೌದೆಯಲ್ಲಿ ಫ್ಯಾನ್ ನಿಂತರೂ ಗ್ರೇಟ್ ಮೇಲಿನ ಕೆಂಡ ಆವಿ ಮಾಡುತ್ತಲೇ ಇರುತ್ತೆ, ನೀರು ಇನ್ನೂ ಇಳಿಯುತ್ತೆ.

ಟ್ರಿಪ್ ಪದೇ ಪದೇ ಬರ್ತಿದೆ ಅಂತ ಯಾರಾದರೂ ಪ್ಯಾನೆಲ್‌ನಲ್ಲಿ ಟ್ರಿಪ್ ಕೆಲಸ ಮಾಡದ ಹಾಗೆ ವೈರ್ ಲೂಪ್ ಹಾಕಿದ್ದಾರಾ, ಅದನ್ನೂ ತೆರೆದು ನೋಡಿ.

ಕಾರಟಗಿ_ಅಟೆಂಡೆಂಟ್:
ಪರೀಕ್ಷೆ ಮಾಡಿದೆ. ಬಲಗಡೆ ಎರಡೂ ಕಾಕ್ ಜೋರಾಗಿ ಬಂತು, ಲೆವೆಲ್ಲಿಗೆ ತಕ್ಷಣ ಇಳಿಯಿತು. ಎಡಗಡೆ ಆವಿ ಜೋರು, ನೀರಿನ ಕಾಕಲ್ಲಿ ಪಿಚಕಾರಿ ಹಾಗೆ ಸಣ್ಣಗೆ ಬಂತು. ಟ್ರಿಪ್ ಸರಿ ಇದೆ, ಲೂಪ್ ಇಲ್ಲ.

ಆವಿಮನೆ:
ಹಾಗಿದ್ರೆ ಎಡಗಡೆ ನೀರಿನ ದಾರಿಯೇ. ಬಲಗಡೆ ನಂಬಬಹುದು, ಆದರೆ ಒಂದೇ ಗ್ಲಾಸ್ ಮೇಲೆ ದಿನ ದೂಡಬೇಡ, ಇವತ್ತಿನ ಬ್ಯಾಚ್ ಮುಗಿದ ಮೇಲೆ ನಿಲ್ಲಿಸು. ಒತ್ತಡ ಇರುವಾಗ ತಂತಿ ತೂರಿಸಿ ಕೆದಕುವವರಿದ್ದಾರೆ, ಬೇಡ. ಪ್ರೆಷರ್ ಸೊನ್ನೆಗೆ ಬಂದು, ಏರ್ ಕಾಕ್ ತೆರೆದು, ನೀರನ್ನು ಗೇಜಿನ ಕೆಳಗಿನ ಬಾಯಿಗಿಂತ ಕೆಳಗೆ ಇಳಿಸಿದ ಮೇಲೆ ದಾರಿ ಶುಚಿ ಮಾಡಲು ಇರುವ ಪ್ಲಗ್ ಬಿಚ್ಚಿ ಶೆಲ್ (ಬಾಯ್ಲರಿನ ದೊಡ್ಡ ಡ್ರಮ್) ತನಕ ತಂತಿ ಹೋಗುತ್ತಾ ನೋಡು.

ದಾರಿ ಚೊಕ್ಕಟ ಇದ್ದೂ ನೀರು ಬರಲಿಲ್ಲ ಅಂದ್ರೆ ಸ್ಲೀವ್ (ಕಾಕಿನೊಳಗೆ ಪ್ಲಗ್ ಸುತ್ತ ಇರುವ ಪ್ಯಾಕಿಂಗ್ ಕೊಳವೆ) ಮೇಲೆ ಅನುಮಾನ ಪಡು. ಸ್ಲೀವ್ ಪ್ಯಾಕಿಂಗ್ ಇರುವ ಕಾಕಲ್ಲಿ ಸ್ಲೀವ್ ತಿರುಗಿಬಿಟ್ಟರೆ ಅದರ ತೂತು ದಾರಿಗೆ ಸರಿಯಾಗಿ ಕೂರಲ್ಲ. ಹಿಡಿ ನೋಡಿದರೆ ತೆರೆದ ಹಾಗೆ, ಒಳಗೆ ಅರ್ಧ ಮುಚ್ಚಿದೆ. ಕಾಕಿನ ತಿರುಗುವ ಪ್ಲಗ್ ತಲೆಯ ಮೇಲೆ ಒಂದು ಗೀರು ಇರುತ್ತೆ, ತೂತಿನ ದಿಕ್ಕು ಅದೇ. ಹಿಡಿ ಆ ಗೀರಿಗೆ ತಕ್ಕಂತೆ ಕೂತಿದೆಯಾ ನೋಡಿಕೋ.

ಗ್ಲಾಸ್ ಟ್ಯೂಬನ್ನೂ ಹೊಸದು ಹಾಕು. ಅಳತೆ ಗಿಡ್ಡ ಆದರೆ ನಟ್ಟು ಬಿಗಿದಾಗ ರಬ್ಬರ್ ರಿಂಗ್ ಟ್ಯೂಬಿನ ಬಾಯಿಯ ಮೇಲೆ ಉಬ್ಬಿ ಬಂದು ದಾರಿ ಮುಚ್ಚುತ್ತೆ. ಪೂರ್ತಿ ಬಿಗಿ ಅಳತೆಗೂ ಕತ್ತರಿಸಬೇಡ, ಬಿಸಿಗೆ ಹಿಗ್ಗಲು 2-3 ಮಿ.ಮೀ. ಜಾಗ ಬೇಕು. ನಟ್ಟು ಕೈಯಲ್ಲಿ ಬಿಗಿದು, ಸ್ಪ್ಯಾನರ್‌ನಿಂದ ಕಾಲು ಸುತ್ತು ಸಾಕು.

ನೀರುಪರೀಕ್ಷೆ:
ದಾರಿ ಕಟ್ಟಿದ್ದು ಕೆಸರಿನಿಂದ ಆದರೆ, ಗೇಜ್ ತೊಳೆದ ಹದಿನೈದು ದಿನಕ್ಕೆ ಮತ್ತೆ ಕಟ್ಟುತ್ತೆ. ಸಾಫ್ಟ್‌ನರ್‌ನಿಂದ ಹೊರಬರುವ ನೀರು ಹಿಡಿದು ಹಾರ್ಡ್‌ನೆಸ್ ಕಿಟ್‌ನಲ್ಲಿ ನೋಡಿ. ನೀಲಿ ಬಂದರೆ ಸರಿ, ದ್ರಾಕ್ಷಿ ಬಣ್ಣ ಬಂದರೆ ಉಪ್ಪು ಹಾಕಿ ರೀಜನರೇಶನ್ ಆಗಬೇಕು (ಸಾಫ್ಟ್‌ನರ್ ಮತ್ತೆ ಕೆಲಸಕ್ಕೆ ಬರುವಂತೆ ಮಾಡೋದು). 5 ಪಿಪಿಎಂ ಒಳಗಿರಲಿ.

ಸಾಫ್ಟ್‌ನರ್ ಟಿಡಿಎಸ್ (ನೀರಲ್ಲಿ ಕರಗಿರುವ ಒಟ್ಟು ಉಪ್ಪು) ಇಳಿಸಲ್ಲ ಅನ್ನೋದು ಬಹಳ ಜನಕ್ಕೆ ತಿಳಿದಿಲ್ಲ. ನಿಮ್ಮಲ್ಲಿ ಆವಿ ನೇರ ಭತ್ತಕ್ಕೆ ಹೋಗುತ್ತೆ, ಕಂಡೆನ್ಸೇಟ್ (ಆವಿ ತಣ್ಣಗಾದ ನೀರು) ವಾಪಸ್ ಬರಲ್ಲ, ಫೀಡ್ (ಬಾಯ್ಲರಿಗೆ ಹಾಕುವ ನೀರು) ಪೂರ್ತಿ ಬೋರ್ ನೀರೇ. ಫೀಡ್ ಟಿಡಿಎಸ್ 400, ಬಾಯ್ಲರ್ ಒಳಗೆ 3500 ದಾಟಬಾರದು ಅಂತಿಟ್ಟರೆ: 400 ಭಾಗಿಸು 3100 (3500ರಲ್ಲಿ 400 ಕಳೆದದ್ದು), ಅಂದ್ರೆ ಆವಿಯ ಸುಮಾರು 13% ಬ್ಲೋಡೌನ್. ಗಂಟೆಗೆ ಒಂದೂವರೆ ಟನ್ ಆವಿಯಂತೆ 8 ಗಂಟೆ ಶಿಫ್ಟಿಗೆ 12 ಟನ್, ಅದಕ್ಕೆ 1550 ಕೆ.ಜಿ. ಹತ್ತಿರ ಬ್ಲೋಡೌನ್. ಶೆಲ್ಲಿನಲ್ಲಿ ನೀರಿನ ಮೇಲ್ಮೈ 6 ಚದರ ಮೀಟರ್ ಇದ್ದರೆ ಗ್ಲಾಸಲ್ಲಿ 25 ಮಿ.ಮೀ. ಇಳಿದಾಗ 150 ಲೀಟರ್ ಹೋಗುತ್ತೆ, ಬಿಸಿ ನೀರು ಹಗುರವಾದ್ದರಿಂದ ತೂಕದಲ್ಲಿ 130 ಚಿಲ್ಲರೆ. ಅಂದ್ರೆ ಸರಿಸುಮಾರು 40 ನಿಮಿಷಕ್ಕೊಮ್ಮೆ 25 ಮಿ.ಮೀ. ಬೆಳಿಗ್ಗೆ ಒಂದೇ ಸಲ ಅರ್ಧ ಗ್ಲಾಸ್ ಬಿಟ್ಟು ಕೈ ತೊಳೆದುಕೊಳ್ಳೋದಕ್ಕಿಂತ ಇದು ಮೇಲು, ತಳದ ಕೆಸರು ಗಟ್ಟಿಯಾಗುವ ಮೊದಲೇ ಹೊರಗೆ ಹೋಗುತ್ತೆ. ಲೆಕ್ಕ ಸರಿ ಬಂತಾ ಅಂತ ಬಾಯ್ಲರ್ ನೀರು ತಣ್ಣಗೆ ಮಾಡಿ ಮೀಟರ್‌ನಲ್ಲಿ ಅಳೆಯಿರಿ, ನಿಮ್ಮ ಬೋರಿನ ಅಂಕಿ ಬೇರೆ ಇರುತ್ತೆ.

ಆವಿಮನೆ:
ಮತ್ತೆ ಬೆಂಕಿ ಹಾಕುವಾಗ ಹೊಸ ಗ್ಲಾಸಿಗೆ ಒಮ್ಮೆಲೇ ಬಿಸಿ ತಾಗಿಸಬೇಡ. ಡ್ರೈನ್ ತೆರೆದಿಟ್ಟು ಆವಿ ಕಾಕನ್ನು ಕೂದಲೆಳೆಯಷ್ಟು ತೆಗೆದು ಗ್ಲಾಸ್ ಕಾಯಲಿ, ಆಮೇಲೆ ಡ್ರೈನ್ ಮುಚ್ಚಿ ಎರಡೂ ಕಾಕ್ ನಿಧಾನ ತೆಗಿ. 8 ಕೆ.ಜಿ. ಬಂದ ಮೇಲೆ ಎರಡೂ ಗ್ಲಾಸಿಗೆ ಪೂರ್ತಿ ಪರೀಕ್ಷೆ ಇನ್ನೊಮ್ಮೆ. ಭತ್ತದ ಟ್ಯಾಂಕಿಗೆ ಆವಿ ಬಿಟ್ಟಾಗ ಎರಡರಲ್ಲೂ ನೀರು ಒಟ್ಟಿಗೆ ಕುಣಿಯಬೇಕು. ಸಮಯ ಹಾಕಿ ಲಾಗ್ ಬುಕ್ಕಿಗೆ ಬರೆದಿಡು.